ಗಂಟು ನೋವಿಗೆ ಕರುಳಿನ ನಂಟು

ಬೆಳಗ್ಗೆ ಎದ್ದ ತಕ್ಷಣ ನಮ್ಮ ಚಿಕ್ಕಮ್ಮನಿಗೆ ಹಾಲಿನ ಪ್ಯಾಕೆಟ್ ಕತ್ತರಿಸಲು ಆಗುತ್ತಿರಲಿಲ್ಲ. ಕತ್ತರಿಯೊಳಗೆ ಬೆರಳು ತೂರಿಸಿದರೂ ಮಡಚಲು ಬರುತ್ತಿರಲಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿಕೊಂಡು, ಮುಟ್ಟಿದರೆ ಬಿಸಿ. ಬಿಸಿನೀರಲ್ಲಿ ಕೈ ಅದ್ದಿ ಕೂತು, ಒಂಬತ್ತು ಗಂಟೆ ಆಗುವಷ್ಟರಲ್ಲಿ ಸ್ವಲ್ಪ ಸಡಿಲ. "ವಾತ ಕಣೋ, ವಯಸ್ಸಾಯ್ತಲ್ಲ" ಅಂತ ಎರಡು ವರ್ಷ ಹಾಗೇ ತಳ್ಳಿದರು. ಆಗ ಅವರಿಗಿನ್ನೂ 42. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು ರುಮಟಾಯ್ಡ್ ಆರ್ಥ್ರೈಟಿಸ್.

ವಯಸ್ಸಾದವರ ಮಂಡಿ ಸವೆಯುತ್ತದಲ್ಲ, ಅದೇ ಬೇರೆ, ಇದೇ ಬೇರೆ. ಇಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ವಿಚಿತ್ರ ಏನು ಗೊತ್ತಾ? ರೋಗಾಣುಗಳಿಗೆ ಅಂಟಿಕೊಂಡು ಹಿಡಿಯಲೆಂದು ಆ ಪಡೆ ತಯಾರಿಸುವ ಪ್ರೋಟೀನುಗಳೇ ಪ್ರತಿಕಾಯಗಳು. ಸ್ವಂತ ದೇಹದ ವಿರುದ್ಧದ ಪ್ರತಿಕಾಯಗಳು ಎಷ್ಟೋ ಜನರ ರಕ್ತದಲ್ಲಿ ನೋವು ಶುರುವಾಗುವ ವರ್ಷಗಳ ಮೊದಲೇ ಇರುತ್ತವೆ. ಅಂದರೆ ಬೆರಳು ಊದುವ ಹೊತ್ತಿಗೆ ಕಥೆ ಅರ್ಧ ಮುಗಿದಿರುತ್ತದೆ. ಹಾಗಾದರೆ ಶುರುವಾದದ್ದು ಎಲ್ಲಿ?

ಹೊಟ್ಟೆಯ ಮೇಲಿನ ಗುಮಾನಿ ಹಳೆಯದೇ. ಇಂಥ ಕೀಲು ನೋವಿಗೆ ಆಯುರ್ವೇದ ಇಟ್ಟ ಆಮವಾತ ಎಂಬ ಹೆಸರಲ್ಲೇ ಅದಿದೆ. ಆಮ ಎಂದರೆ ಸರಿಯಾಗಿ ಜೀರ್ಣವಾಗದೆ ಉಳಿದದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಶ್ಚಿಮದ ವೈದ್ಯರು, ಸೋಂಕು ಎಲ್ಲೋ ಅಡಗಿ ಕೂತು ಕೀಲುಗಳನ್ನು ಕಾಡುತ್ತಿದೆ ಎಂದು ನಂಬಿ, ರೋಗಿಗಳ ಹಲ್ಲು, ಟಾನ್ಸಿಲ್ ಕಿತ್ತದ್ದೂ ಉಂಟು. ಪಾಪ, ಹಲ್ಲು ಹೋದವು, ನೋವು ಹೋಗಲಿಲ್ಲ. ಗುಮಾನಿಗೆ ಸಾಕ್ಷಿ ಬೇಕಿತ್ತು.

ಅದು ಸಿಗತೊಡಗಿದ್ದು ಇತ್ತೀಚೆಗೆ. 2010ರಲ್ಲಿ ಕೀಲುರೋಗ ತಾನಾಗಿಯೇ ಬರುವ ಒಂದು ತಳಿಯ ಇಲಿಗಳನ್ನು ಬ್ಯಾಕ್ಟೀರಿಯಾವೇ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಿದರು. ರೋಗ ಬಹಳ ಕಡಿಮೆಯಾಯಿತು. ಅವುಗಳ ಕರುಳಿಗೆ ದಾರದಂಥ ಒಂದೇ ಒಂದು ಬಗೆಯ ಬ್ಯಾಕ್ಟೀರಿಯಾ ಬಿಟ್ಟರು. ರೋಗ ವಾಪಸ್ ಬಂತು. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇನ್ನೂ ಔಷಧಿ ಶುರುಮಾಡದ ಹೊಸ ರೋಗಿಗಳ ಮಲ ಪರೀಕ್ಷಿಸಿದರು. ಶೇ. 75ರಷ್ಟು ಜನರಲ್ಲಿ ಪ್ರೆವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆರೋಗ್ಯವಂತರಲ್ಲಿ ಅದು ಶೇ. 21 ಮಾತ್ರ.

ಕಳ್ಳ ಸಿಕ್ಕಿಬಿದ್ದ ಅನ್ನಿಸುತ್ತೆ ಅಲ್ವಾ? ತಡೆಯಿರಿ. ಕಾಳು, ಬೇಳೆ, ಸೊಪ್ಪು ಜಾಸ್ತಿ ತಿನ್ನುವ ಜನರ ಕರುಳಲ್ಲಿ ಪ್ರೆವೊಟೆಲ್ಲಾ ಧಾರಾಳವಾಗಿರುತ್ತದೆ. ಭಾರತೀಯರಲ್ಲಂತೂ ಅದು ಮಾಮೂಲಿ. ಅದು ಇದ್ದ ಮಾತ್ರಕ್ಕೆ ರೋಗ ಬರುವುದಾದರೆ ನಮ್ಮ ಊರೂರೇ ಕೈ ಊದಿಸಿಕೊಂಡು ಕೂರಬೇಕಿತ್ತು. ಒಂದೇ ಹೆಸರಿನಡಿ ಹಲವು ತಳಿಗಳಿವೆ, ಎಲ್ಲದರ ಸ್ವಭಾವ ಒಂದೇ ಅಲ್ಲ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದ್ದು 2022ರ ಕೊಲರಾಡೊ ವಿಶ್ವವಿದ್ಯಾಲಯದ ಕೆಲಸ. ಅಲ್ಲಿನವರು ಹುಡುಕಾಟವನ್ನು ತಿರುಗಾಮುರುಗಾ ಮಾಡಿದರು. ರೋಗ ಬರುವ ಸಾಧ್ಯತೆ ಇರುವವರ, ಈಗಷ್ಟೇ ಬಂದವರ ರಕ್ತದಿಂದ ಪ್ರತಿಕಾಯ ತಯಾರಿಸುವ ಕಣಗಳನ್ನು ತೆಗೆದರು. ಆ ಪ್ರತಿಕಾಯಗಳಲ್ಲಿ ಕೆಲವು ಸ್ವಂತ ದೇಹದ ಪ್ರೋಟೀನುಗಳಿಗೆ ಅಂಟುವಂಥವು. ಅವೇ ಕರುಳಿನ ಯಾವ ಬ್ಯಾಕ್ಟೀರಿಯಾಕ್ಕೂ ಅಂಟುತ್ತವೆ ಎಂದು ನೋಡುತ್ತಾ ಹೋದರು. ಕೊನೆಗೆ ಒಬ್ಬರ ಮಲದಲ್ಲಿ ಒಂದು ತಳಿ ಸಿಕ್ಕಿತು. ಅದನ್ನು ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಕೊಟ್ಟರು. ಇಲಿಗಳ ಪಾದಗಳು ಊದಿಕೊಂಡವು! ಅದಕ್ಕೆ ಇಟ್ಟ ಹೆಸರು ಸಬ್‌ಡೋಲಿಗ್ರಾನುಲಮ್ ಡಿಡೊಲೆಸ್ಗಿ. ಡಿಡೊಲೆಸ್ಗಿ ಎಂಬುದು ಕೀಲುವಾತಕ್ಕೆ ಚೆರೊಕೀ ಭಾಷೆಯ ಪದ. ತಂಡದ ಮೇಗನ್ ಕ್ರಿಸ್‌ವೆಲ್ ಆ ಸಮುದಾಯದವರೇ. ಅಮೆರಿಕದ ಕೆಲವು ಮೂಲನಿವಾಸಿ ಸಮುದಾಯಗಳಲ್ಲಿ ಈ ರೋಗ ಜಾಸ್ತಿ. ಹಾಗಾಗಿ ಆ ಹೆಸರಿನ ಹಿಂದೆ ಒಂದು ನೋವೂ ಇದೆ.

ಆದರೆ ಆ ತಳಿಯೂ ಎಲ್ಲ ರೋಗಿಗಳಲ್ಲಿ ಇಲ್ಲ. ಕೆಲವರಲ್ಲಿ ಬಾಯಿಯ ವಸಡಿನ ರೋಗಕ್ಕೂ ಇದಕ್ಕೂ ನಂಟಿದೆ. ಸಿಗರೇಟು ಅಪಾಯ ಹೆಚ್ಚಿಸುತ್ತದೆ. ವಂಶವಾಹಿಯ ಪಾಲಂತೂ ಇದ್ದೇ ಇದೆ, ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು.

"ಹಂಗಾದ್ರೆ ಮೊಸರು ಜಾಸ್ತಿ ತಿಂದ್ರೆ ಸಾಕಾ?" ಎಂದು ಚಿಕ್ಕಮ್ಮ ಕೇಳಿದರು. ಮೊಸರು ತಿನ್ನಿ ಚಿಕ್ಕಮ್ಮ, ಸೊಪ್ಪು ಕಾಳೂ ತಿನ್ನಿ, ಆದರೆ ವಾರಕ್ಕೊಮ್ಮೆ ತಗೊಳ್ಳೋ ಮೆಥೊಟ್ರೆಕ್ಸೇಟ್ ಮಾತ್ರೆ ಮಾತ್ರ ಬಿಡಬೇಡಿ ಅಂದೆ. ಪ್ರೊಬಯೋಟಿಕ್ ಡಬ್ಬಿ ನಂಬಿ ಔಷಧಿ ನಿಲ್ಲಿಸಿದವರ ಕೀಲು ಒಳಗೊಳಗೇ ಕೊರೆದುಹೋಗುತ್ತದೆ. ಒಮ್ಮೆ ಕೊರೆದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಆ ಎರಡು ವರ್ಷ ನಾವೇ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು ಎಂಬ ಕೊರಗು ನನಗೆ ಈಗಲೂ ಇದೆ.

ಅವರ ಡಬ್ಬಿಯಲ್ಲಿ ಕಿತ್ತಳೆ ಛಾಯೆಯ ಹಳದಿ ಮಾತ್ರೆ ಇನ್ನೊಂದಿದೆ, ಸಲ್ಫಾಸಲಜೀನ್. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್, ಈ ರೋಗಕ್ಕೆ ಸೋಂಕೇ ಕಾರಣವಿರಬೇಕೆಂದು ಊಹಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಸಲ್ಫಾ ಮದ್ದಿಗೆ ಆಸ್ಪಿರಿನ್ನಿನ ನೆಂಟ ಮದ್ದೊಂದನ್ನು ಜೋಡಿಸಿ ಬಳಕೆಗೆ ತಂದದ್ದು. ಅವರ ಮೊದಲ ವರದಿ ಬಂದದ್ದು 1942ರಲ್ಲಿ. ಆ ಎರಡರ ನಡುವಿನ ಕೊಂಡಿ ನಮ್ಮ ಹೊಟ್ಟೆಯಲ್ಲಿ ಸುಲಭಕ್ಕೆ ಬಿಚ್ಚುವುದಿಲ್ಲ. ಮಾತ್ರೆ ದೊಡ್ಡ ಕರುಳು ತಲುಪಬೇಕು. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಕತ್ತರಿಸಬೇಕು. ಚಿಕ್ಕಮ್ಮ ಈಗ ಹಾಲಿನ ಪ್ಯಾಕೆಟ್ಟನ್ನು ತಾವೇ ಕತ್ತರಿಸುತ್ತಾರೆ.