ತುಡುಗು ದನ ಮತ್ತು ಪರಿಹಾರದ ಹಣ

ಕಾನೂನು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಅದೇ ವಾಕ್ಯ: ‘ಯಹೂದಿ ಕಾನೂನಿನಂತೆ ನಷ್ಟ ತುಂಬಿಕೊಡುವುದಾದರೆ ಹಾನಿ ಮಾಡಬಹುದು.’ ಪಕ್ಕದಲ್ಲಿ ‘ಅಲ್ಲ’ ಎಂದು ಬರೆದು ಬರೆದು ನನಗೆ ಸಾಕಾಗಿದೆ. ಯಹೂದಿ ಪಂಡಿತರ ಕಾನೂನು ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದಿನ ಬಾವಾ ಕಮ್ಮಾ ಭಾಗದ ತುಂಬ ಎತ್ತು, ಗುಂಡಿ, ಬೆಂಕಿ ಮತ್ತು ಅವುಗಳ ಪರಿಹಾರದ ಲೆಕ್ಕವಿದೆ, ನಿಜ. ಲೆಕ್ಕವನ್ನಷ್ಟೇ ಓದಿದವರಿಗೆ ಅದು ದರಪಟ್ಟಿಯಂತೆ ಕಾಣುತ್ತದೆ.

12ನೇ ಶತಮಾನದ ಯಹೂದಿ ಕಾನೂನು ಪಂಡಿತ ಮೈಮೊನಿಡಿಸ್ ಕೊಡುವ ಪ್ರಸಂಗ ನೋಡಿ. ತುಡುಗು ದನವೊಂದು ಪರರ ಹೊಲಕ್ಕೆ ನುಗ್ಗಿದೆ. ಇನ್ನೂ ಒಂದು ತೆನೆಗೂ ಬಾಯಿ ಹಾಕಿಲ್ಲ. ಆದರೂ ಒಡೆಯನಿಗೆ ಮೂರು ಸಲ ಎಚ್ಚರಿಕೆ ಕೊಡಬೇಕು. ಅವನು ಕೇಳದಿದ್ದರೆ ಹೊಲದವನು ಅದನ್ನು ವಿಧಿಯಂತೆ ಕೊಯ್ದು, ‘ಬಾ, ನಿನ್ನ ಮಾಂಸ ಮಾರಿಕೋ’ ಎನ್ನಬಹುದು. ಏಕೆಂದರೆ ಹಾನಿ ಮಾಡಿ ಬೆಲೆ ತೆರುತ್ತೇನೆ ಎನ್ನುವುದು ನಿಷಿದ್ಧ. ಪರೋಕ್ಷವಾಗಿ ಹಾನಿಗೆ ಕಾರಣವಾಗುವುದೂ ನಿಷಿದ್ಧ. ಹಣ ಕೊಟ್ಟರೆ ಸಾಕಾಗಿದ್ದರೆ ಹೊಲದವನು ಪೈರು ಹಾಳಾಗುವವರೆಗೆ ಕಾಯಬೇಕಿತ್ತು.

ಅದೇ ಮೈಮೊನಿಡಿಸ್ ಇನ್ನೊಂದೆಡೆ, ಸೊತ್ತು ಕೆಡಿಸಿದವನು ಹಣ ತೆತ್ತರೆ ಪ್ರಾಯಶ್ಚಿತ್ತವಾಯಿತು, ಮೈಗೆ ಗಾಯ ಮಾಡಿದವನು ಮಾತ್ರ ಕ್ಷಮೆಯನ್ನೂ ಕೇಳಬೇಕು ಎನ್ನುತ್ತಾರೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಪ್ರಾಯಶ್ಚಿತ್ತ ಅನುಮತಿಯಲ್ಲ! ತಪ್ಪೇ ಇಲ್ಲದಿದ್ದರೆ ಪ್ರಾಯಶ್ಚಿತ್ತ ಯಾತಕ್ಕೆ?

‘ಬೆಲೆಗಿಂತ ಹೆಚ್ಚು ಕೊಟ್ಟರೆ, ಸರ್?’ ಎಂದು ಒಬ್ಬಳು ಕೇಳಿದಳು. ಅವಳನ್ನು ಮರೆತಿಲ್ಲ, ತಾಲ್ಮುದಿನ ಪಂಡಿತರೂ ಯೋಚಿಸಿದ ವಿಷಯವದು. ದುಪ್ಪಟ್ಟು ಹಿಂದಿರುಗಿಸುವ ಎಣಿಕೆಯಿಂದ ಕದ್ದರೂ ಅದು ಕಳವೇ. ಹಾನಿಯೂ ಕಳವಿನಷ್ಟೇ ನಿಷಿದ್ಧ ಎಂದು 14ನೇ ಶತಮಾನದ ಕಾನೂನು ಪಂಡಿತ ಯಾಕೋವ್ ಬೆನ್ ಆಶೇರ್ ಸ್ಪಷ್ಟವಾಗಿ ಬರೆದರು.

ಕೆಲವು ಎಚ್ಚರಿಕೆಯ ಮಾತುಗಳು. ಈ ನಿಷೇಧದ ಮೂಲ ಯಹೂದಿಗಳ ಧರ್ಮಗ್ರಂಥವಾದ ತೋರಾದ ಯಾವ ವಚನ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಒಡೆಯನೇ ಒಪ್ಪಿದ್ದರೆ ಮಾತು ಬೇರೆ. ಜೀವ ಉಳಿಸಿಕೊಳ್ಳಲು ಪರರ ಸೊತ್ತು ಮುಟ್ಟುವವನ ಪಾಡೂ ಬೇರೆ. ಅವನಿಗೂ ಬೆಲೆ ಕೊಡುವ ಮನಸ್ಸಿರಬೇಕು ಎನ್ನುತ್ತದೆ ಯಹೂದಿ ಕಾನೂನು ಸಂಹಿತೆಯಾದ ಶುಲ್ಖಾನ್ ಆರೂಖ್.

ಪಾಠದ ಕೊನೆಗೆ ನಾನು ಬಾವಾ ಕಮ್ಮಾದ ಹಳೆಯ ಸಜ್ಜನರ ಕಥೆ ಹೇಳುತ್ತೇನೆ. ಮುಳ್ಳು, ಗಾಜಿನ ಚೂರುಗಳನ್ನು ಅವರು ಬೀದಿಗೆ ಎಸೆಯುತ್ತಿರಲಿಲ್ಲ. ತಮ್ಮದೇ ಹೊಲದಲ್ಲಿ, ನೇಗಿಲಿಗೂ ಸಿಗದಂತೆ ಮೂರು ಅಂಗೈ ಅಗಲದಷ್ಟು ಆಳಕ್ಕೆ ಹೂಳುತ್ತಿದ್ದರು. ರಾವಾ ಎಂಬ ಪಂಡಿತರು ಅಂಥವನ್ನು ಟೈಗ್ರಿಸ್ ನದಿಗೇ ಹಾಕಿಬಿಡುತ್ತಿದ್ದರು.