ಪದ ಪರಿಚಯ: ಉದ್ಯಮದಲ್ಲಿ ‘ದೂರದೃಷ್ಟಿ’

ತುಮಕೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಪತ್ರಿಕೆಗಳ ನಡುವೆ ಆಗಾಗ ಸನ್ಮಾನ ಸಮಾರಂಭದ ಆಹ್ವಾನ ಪತ್ರಿಕೆಗಳೂ ಬರುತ್ತವೆ. ಕೆಲವು ತಿಂಗಳ ಹಿಂದೆ ಬಂದ ಅಂಥದೊಂದು ಪತ್ರಿಕೆಯಲ್ಲಿ ಸನ್ಮಾನಿತರ ಹೆಸರಿನ ಹಿಂದೆ ‘ದಾರ್ಶನಿಕ ಉದ್ಯಮಿ’ ಎಂಬ ವಿಶೇಷಣವಿತ್ತು. ಇಂಗ್ಲಿಷಿನವರು ‘ವಿಷನರಿ ಲೀಡರ್’ ಎನ್ನುವುದನ್ನು ಯಾರೋ ಹೀಗೆ ಕನ್ನಡಕ್ಕೆ ತಂದಿದ್ದರು. ಪದ ಸರಿಯಿಲ್ಲವೆಂದು ಕೂಡಲೇ ಅನ್ನಿಸಿತಾದರೂ ಸರಿಯಾದ ಪದ ಯಾವುದೆಂದು ಥಟ್ಟನೆ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೆ ಕಾರಣ ಪದಗಳ ಕೊರತೆಯಲ್ಲ. ಆ ಇಂಗ್ಲಿಷ್ ಮಾತಿನಿಂದ ನಾವು ಏನನ್ನು ಹೇಳಲು ಹೊರಟಿದ್ದೇವೆ ಎಂಬುದೇ ನಮಗೆ ಸ್ಪಷ್ಟವಿಲ್ಲದಿರುವುದು.

‘ದಾರ್ಶನಿಕ’ ಎಂದರೆ ದರ್ಶನಶಾಸ್ತ್ರವನ್ನು ಬಲ್ಲವನು, ತತ್ತ್ವಜ್ಞಾನಿ. ಸಾಂಖ್ಯ, ನ್ಯಾಯ, ವೇದಾಂತಗಳ ಜೊತೆಗೆ ಓಡಾಡುವ ಪದವಿದು. ಜಗತ್ತು ಹೇಗಿದೆ ಎಂದು ಕಂಡುಕೊಳ್ಳುವುದು ದಾರ್ಶನಿಕನ ಕೆಲಸವೇ ಹೊರತು ಮುಂದಿನ ಹತ್ತು ವರ್ಷಗಳಲ್ಲಿ ಪೇಟೆ ಯಾವ ಕಡೆಗೆ ತಿರುಗೀತು ಎಂದು ಲೆಕ್ಕ ಹಾಕುವುದಲ್ಲ. ‘ದ್ರಷ್ಟಾರ’ ಎಂಬ ಪದ ಋಷಿಗಳಿಗೆ, ಹೆಚ್ಚೆಂದರೆ ಕವಿಗಳಿಗೆ ಒಪ್ಪುತ್ತದೆ. ‘ದೂರದರ್ಶಿ’ ಅರ್ಥದಲ್ಲಿ ಸರಿಯಾಗಿದೆ, ಆದರೆ ದೂರದರ್ಶನ ಮನೆಮನೆಗೆ ಬಂದ ಮೇಲೆ ಅದನ್ನು ಕೇಳಿದವರಿಗೆ ಬೇರೇನೋ ನೆನಪಾಗುತ್ತದೆ. ಬರಿಯ ‘ದೃಷ್ಟಿ’ ಎಂದರಂತೂ ನಮ್ಮ ವ್ಯಾಪಾರಸ್ಥರಿಗೆ ಅಂಗಡಿಯ ಬಾಗಿಲಿಗೆ ಕಟ್ಟುವ ಬೂದುಗುಂಬಳಕಾಯಿಯೇ ಕಣ್ಣ ಮುಂದೆ ಬರುತ್ತದೆ. ಇವನ್ನೆಲ್ಲ ಬದಿಗಿಟ್ಟರೆ ಉಳಿಯುವುದು ‘ಮುಂದಾಲೋಚನೆ’ ಮತ್ತು ‘ದೂರದೃಷ್ಟಿ’. ಇವೆರಡನ್ನೂ ಒಂದೇ ಎಂಬಂತೆ ಬಳಸುವುದು ರೂಢಿಯಲ್ಲಿದೆ. ನನ್ನ ಮಟ್ಟಿಗೆ ಇವು ಬೇರೆ ಬೇರೆ.

ಮುಂದಾಲೋಚನೆಗೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ತಿಪಟೂರು ಸೀಮೆಯ ಯಾವುದೇ ತೆಂಗಿನ ಬೆಳೆಗಾರನ ಮನೆಯ ಅಟ್ಟ ಹತ್ತಿ ನೋಡಬಹುದು. ಕೊಯ್ದ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತು, ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧವಾಗಿರುತ್ತದೆ. ಇವತ್ತೇ ಎಳನೀರಿಗೋ ಹಸಿಕಾಯಿಗೋ ಮಾರಿ ಕೈಗೆ ಬರುವ ದುಡ್ಡನ್ನು ಬಿಟ್ಟು ವರ್ಷದ ಮೇಲಿನ ದುಡ್ಡಿಗೆ ಕಾಯುವುದು ಸಣ್ಣ ಸಂಯಮವಲ್ಲ. ಆದರೂ ಇದನ್ನು ದೂರದೃಷ್ಟಿ ಎನ್ನಲಾಗದು. ಹನ್ನೊಂದು ತಿಂಗಳ ನಂತರ ಏನು ಕೈಗೆ ಬರುತ್ತದೆ ಎಂಬುದು ಊರಿಗೇ ಗೊತ್ತಿರುವ ಸಂಗತಿ. ಅನಿಶ್ಚಿತವಾಗಿರುವುದು ಬೆಲೆ ಮಾತ್ರ. ಅದೇ ಕಾಯಿಯ ಒಲೆಗೆ ಹೋಗುತ್ತಿದ್ದ ಚಿಪ್ಪನ್ನು ಕೈಗೆತ್ತಿಕೊಂಡು, ಇದನ್ನು ಸುಟ್ಟು ಸಕ್ರಿಯ ಇಂಗಾಲ ಮಾಡಿದರೆ ನೀರು ಶುದ್ಧೀಕರಿಸುವ ಯಂತ್ರಗಳಿಗೆ ಬೇಕಾಗುತ್ತದೆ ಎಂದು, ಅಂಥ ಯಂತ್ರಗಳು ಮನೆಗಳಿಗೆ ಬರುವ ಮೊದಲೇ ಯೋಚಿಸಿ ಅದಕ್ಕೆ ಬಂಡವಾಳ ಹಾಕಿದವನಿದ್ದರೆ, ಅವನಿಗಿದ್ದದ್ದು ದೂರದೃಷ್ಟಿ. ತಿಳಿದ ದಾರಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುವುದು ಮುಂದಾಲೋಚನೆ. ಇನ್ನೂ ದಾರಿಯೇ ಬೀಳದ ಕಡೆ ಊರೊಂದು ಎದ್ದೀತೆಂದು ನಂಬಿ ಇವತ್ತಿನ ದುಡಿಮೆಯನ್ನು ಅತ್ತ ಹರಿಸುವುದು ದೂರದೃಷ್ಟಿ.

ಇನ್ನು ‘ವಿಷನರಿ ಲೀಡರ್’ ಎಂಬುದರ ಎರಡನೆಯ ಪದ, ‘ನಾಯಕ’. ಮೂರು ಮೀನುಗಳ ಹಳೆಯ ನೀತಿಕಥೆ ಬಹಳ ಜನರಿಗೆ ಗೊತ್ತಿರುತ್ತದೆ. ನಾಳೆ ಈ ಕೆರೆಗೆ ಬಲೆ ಬೀಸೋಣವೆಂದು ಬೆಸ್ತರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಾಗ ಅನಾಗತವಿಧಾತ ಎಂಬ ಮೀನು ಅಂದೇ ಬೇರೆ ನೀರಿಗೆ ಹೊರಟುಹೋಗುತ್ತದೆ. ಪ್ರತ್ಯುತ್ಪನ್ನಮತಿ ಬಲೆಗೆ ಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾಗುತ್ತದೆ. ಆದದ್ದಾಗಲಿ ಎಂದು ಕುಳಿತ ಯದ್ಭವಿಷ್ಯ ಸಾಯುತ್ತದೆ. ಅನಾಗತವಿಧಾತ ಎಂದರೆ ಇನ್ನೂ ಬಾರದಿರುವುದಕ್ಕೆ ಈಗಲೇ ಏರ್ಪಾಡು ಮಾಡಿಕೊಳ್ಳುವವನು. ದೂರದೃಷ್ಟಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಸಿಗಲಿಕ್ಕಿಲ್ಲ. ಆದರೆ ಕಥೆ ನೀತಿಯನ್ನು ಹೇಳಿ ಮುಗಿಯುವಲ್ಲಿ ನನಗೊಂದು ತಕರಾರಿದೆ: ಆ ಮೀನು ಪಾರಾಯಿತು, ಕೆರೆ ಪಾರಾಗಲಿಲ್ಲ. ಉಳಿದವಕ್ಕೆ ಒಂದು ಮಾತು ಹೇಳಿ, ಅವು ಕೇಳದಿದ್ದಾಗ ತನ್ನ ದಾರಿ ಹಿಡಿಯಿತು. ಷೇರುಪೇಟೆಯಲ್ಲಿ ಹಣ ಹೂಡುವವನಿಗೆ ಅಷ್ಟು ಸಾಕು. ಉದ್ಯಮವನ್ನು ನಡೆಸುವವರಿಗೆ ಸಾಲದು. ತಮಗೆ ಕಂಡದ್ದು ಸಾವಿರ ಜನರ ದಿನನಿತ್ಯದ ಕೆಲಸವಾಗುವಂತೆ ಮಾಡುವುದು ಅವರ ಹೊಣೆ.

ಇದು ಹೇಗಾಗುತ್ತದೆ ಎಂಬುದಕ್ಕೆ ನೆರೆಯ ಕೋಲಾರದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಹಬೆಯಂತ್ರಗಳ ಮೇಲೆ ನಡೆಯುತ್ತಿದ್ದವು. ಗಣಿ ಆಳಕ್ಕೆ ಇಳಿದಷ್ಟೂ ನೀರೆತ್ತಲು, ಅದಿರು ಮೇಲೆತ್ತಲು ಹೆಚ್ಚು ಶಕ್ತಿ ಬೇಕು; ಅದಕ್ಕೆ ತಕ್ಕಂತೆ ಉರುವಲಿನ ಖರ್ಚು. ಅದೇ ಕಾಲಕ್ಕೆ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿತ್ತು. ಇವೆರಡನ್ನೂ ಒಟ್ಟಿಗೆ ನೋಡಿದವರು ಮೈಸೂರು ಸಂಸ್ಥಾನದ ಇಂಜಿನಿಯರ್ ಡಿ ಲಾಟ್‌ಬಿನಿಯರ್ ಮತ್ತು ದಿವಾನ ಕೆ. ಶೇಷಾದ್ರಿ ಅಯ್ಯರ್. ನಡುವಿನ ಅಂತರ ಸುಮಾರು 147 ಕಿಲೋಮೀಟರ್. ವಿದ್ಯುತ್ತನ್ನು ಅಷ್ಟು ದೂರ ಒಯ್ಯುವುದು ಆಗ ಪ್ರಪಂಚದ ಬೇರೆ ಕಡೆಗಳಲ್ಲೂ ಅಪರೂಪವಾಗಿದ್ದ ಸಾಹಸ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಜಲಪಾತದ ಮೇಲೆಯೇ ಕಣ್ಣಿಡುತ್ತಾರೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕರಾರಿನ ಕಾಗದ. ವಿದ್ಯುದಾಗಾರಕ್ಕೆ ದುಡ್ಡು ಸುರಿಯುವ ಮೊದಲೇ ಗಣಿ ಕಂಪನಿಗಳು ತನ್ನಿಂದ ವಿದ್ಯುತ್ ಕೊಳ್ಳುವಂತೆ ಸಂಸ್ಥಾನವು ಒಪ್ಪಂದ ಮಾಡಿಸಿಕೊಂಡಿತು. ಜಲಪಾತದಲ್ಲಿ ಶಕ್ತಿಯಿದೆ ಎಂದು ಕಾಣುವುದು ಕಲ್ಪನೆ. ಆ ಶಕ್ತಿಗೆ ಗಿರಾಕಿ ಯಾರು, ಅವನು ಎಷ್ಟು ವರ್ಷ ಕೊಳ್ಳುತ್ತಾನೆ, ಯಾವ ದರಕ್ಕೆ ಎಂದು ಮೊದಲೇ ಕಟ್ಟಿಹಾಕುವುದು ಉದ್ಯಮದ ದೂರದೃಷ್ಟಿ. ಯಂತ್ರಗಳು ಕಡಲು ದಾಟಿ ಬಂದವು, ಎತ್ತಿನ ಗಾಡಿಗಳಲ್ಲಿ ಹಳ್ಳಿದಾರಿ ಹಿಡಿದು ಜಲಪಾತದ ಬುಡ ಸೇರಿದವು. 1902ರ ಜೂನ್‌ನಲ್ಲಿ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದೂ ಅದೇ ನೀರಿನ ಬಲದಿಂದ. ಶೇಷಾದ್ರಿ ಅಯ್ಯರ್ ಇದಾವುದನ್ನೂ ನೋಡಲಿಲ್ಲ. 1901ರಲ್ಲಿ ಅವರು ತೀರಿಕೊಂಡಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. ಕಂಡವನು ಇಲ್ಲವಾದ ಮೇಲೂ ಕಂಡದ್ದು ನಡೆಯುವಂತೆ ಕರಾರು, ಹಣ, ಜನ ಮೂರನ್ನೂ ಜೋಡಿಸಿಟ್ಟಿದ್ದರಿಂದ ಹಾಗಾಯಿತು. ‘ನಾಯಕ’ ಎಂಬ ಪದ ಇಲ್ಲಿ ತನ್ನ ಪೂರ್ತಿ ತೂಕಕ್ಕೆ ಸಲ್ಲುತ್ತದೆ.

ತದ್ವಿರುದ್ಧವಾದ ನಿದರ್ಶನ ನಮ್ಮ ತುಮಕೂರಿನದೇ, ಹೇಳುವುದಕ್ಕೆ ಸ್ವಲ್ಪ ಸಂಕಟವಾಗುತ್ತದೆ. ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತು. 1978ರಲ್ಲಿ ತುಮಕೂರಿನಲ್ಲೂ ವಾಚ್ ಫ್ಯಾಕ್ಟರಿ ತೆರೆಯಿತು. ನಮ್ಮ ಕಡೆ ಮದುವೆಯಲ್ಲಿ ವರನಿಗೆ ವಾಚು ಕೊಡುವುದೆಂದರೆ ಎಚ್‌ಎಂಟಿ ಕೊಡುವುದೆಂದೇ ಅರ್ಥವಿತ್ತು. ನಮ್ಮ ತಂದೆಯವರು ದಿನಾ ಬೆಳಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ವಾಚಿಗೆ ಕೀಲಿ ಕೊಟ್ಟು, ಕಿವಿಯ ಹತ್ತಿರ ಹಿಡಿದು ಟಿಕ್‌ಟಿಕ್ ಕೇಳಿಸಿಕೊಂಡು, ಆಮೇಲೆ ಕೈಗೆ ಕಟ್ಟಿಕೊಳ್ಳುತ್ತಿದ್ದರು.

1969ರಲ್ಲಿ ಜಪಾನಿನ ಸೀಕೊ ಕಂಪನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಪೇಟೆಗೆ ತಂದ ಮೇಲೆ ಲೋಕದ ಗಡಿಯಾರದ ಲೆಕ್ಕಾಚಾರವೇ ಬದಲಾಯಿತು. ಕೀಲಿ ಬೇಡ, ಸೆಲ್ ಸಾಕು. ಬಿಡಿಭಾಗ ಕಡಿಮೆ, ನಿಖರತೆ ಹೆಚ್ಚು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯುವುದು ತಪ್ಪು. ಎಂಬತ್ತರ ದಶಕದಲ್ಲಿ ಅದೇ ಸಂಸ್ಥೆ ಕ್ವಾರ್ಟ್ಸ್ ವಾಚುಗಳನ್ನು ತಯಾರಿಸುತ್ತಿತ್ತು. ಆದರೆ ಅದರ ಬಲವೆಲ್ಲ ಕೀಲಿ ವಾಚಿನಲ್ಲಿತ್ತು, ಅದಕ್ಕೆ ಬೇಡಿಕೆಯೂ ತಗ್ಗಿರಲಿಲ್ಲ, ಸೆಲ್ ವಾಚು ದುಬಾರಿಯ ಹವ್ಯಾಸದಂತೆ ಕಾಣುತ್ತಿತ್ತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟನ್ ಕಂಪನಿಯನ್ನು ಹುಟ್ಟುಹಾಕಿದಾಗ ಅದರ ನೇತೃತ್ವ ವಹಿಸಿದ ಜರ್ಕ್ಸಿಸ್ ದೇಸಾಯಿ ಇಡೀ ಕಂಪನಿಯನ್ನೇ ಕ್ವಾರ್ಟ್ಸ್ ಮೇಲೆ ನಿಲ್ಲಿಸಿದರು. ಕಳ್ಳಸಾಗಣೆಯಲ್ಲಿ ಬಂದ ಸೆಲ್ ವಾಚುಗಳನ್ನು ಜನ ಕದ್ದುಮುಚ್ಚಿ ಕೊಳ್ಳುತ್ತಿದ್ದ ಕಾಲವದು. ಬೇಡಿಕೆಯ ಸುಳಿವು ಎಲ್ಲರ ಕಣ್ಣೆದುರಿಗೇ ಇತ್ತು. ವಾಚು ಸಮಯ ನೋಡುವ ಯಂತ್ರವಷ್ಟೇ ಅಲ್ಲ, ಒಡವೆಯ ಹಾಗೆ ಆರಿಸಿ ಕೊಳ್ಳುವ ವಸ್ತು ಎಂದು ಭಾವಿಸಿ, ಅದಕ್ಕೆಂದೇ ಒಪ್ಪವಾದ ಮಳಿಗೆಗಳನ್ನು ತೆರೆದರು. ಮುಂದೆ ಅದೇ ಕಂಪನಿ ಒಡವೆಯ ವ್ಯಾಪಾರಕ್ಕೇ ಇಳಿದದ್ದು ಆಕಸ್ಮಿಕವಲ್ಲ. 2016ರಲ್ಲಿ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ತುಮಕೂರಿನ ಆ ಜಾಗ ಈಗ ಇಸ್ರೋ ವಶದಲ್ಲಿದೆ.

ಇದನ್ನು ಹೇಳುವಾಗ ನ್ಯಾಯವಾಗಿಯೂ ಇರಬೇಕು. ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದರ ಮುಖ್ಯಸ್ಥರಿಗೆ ಖಾಸಗಿ ಕಂಪನಿಯವರಷ್ಟು ಸ್ವಾತಂತ್ರ್ಯ ಇರುವುದಿಲ್ಲ; ನೂರು ಅನುಮತಿ, ನೂರು ಕಡತ. ಆದರೂ ಪದದ ಅರ್ಥ ಇಲ್ಲಿ ತಿಳಿಯಾಗುತ್ತದೆ. ಹೊಸ ತಂತ್ರಜ್ಞಾನ ಎರಡು ಕಡೆಯೂ ಇತ್ತು. ಒಂದು ಕಡೆ ಅದು ಹತ್ತರಲ್ಲಿ ಹನ್ನೊಂದನೆಯದಾಗಿತ್ತು, ಇನ್ನೊಂದು ಕಡೆ ಅದಕ್ಕಾಗಿ ಉಳಿದದ್ದನ್ನು ಬಿಟ್ಟುಕೊಡಲಾಗಿತ್ತು. ಚೆನ್ನಾಗಿ ನಡೆಯುತ್ತಿರುವುದನ್ನು ಬಿಡುವುದು ಕಷ್ಟ. ಅಜ್ಜ ನೆಟ್ಟ ಆಲದ ಮರ ಇನ್ನೂ ಹಸಿರಾಗಿ ನೆರಳು ಕೊಡುತ್ತಿರುವಾಗ ಬೇರೆ ಗಿಡಕ್ಕೆ ನೀರು ಹೊತ್ತು ಹಾಕುವವನನ್ನು ಮನೆಯವರೇ ಹುಚ್ಚ ಎನ್ನುತ್ತಾರೆ.

ಬಲೆಗೆ ಬಿದ್ದ ಮೇಲೆ ಎಚ್ಚೆತ್ತು ಅಲ್ಲಿಂದ ದೂರ ನೋಡಿದವರೂ ಉಂಟು. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೊದಲ ಮಹಾಯುದ್ಧ ಆರಂಭವಾಗಿ, ಜರ್ಮನಿಯ ಕಡೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ಮರಕ್ಕೆ ಗಿರಾಕಿ ಇಲ್ಲದಂತಾಯಿತು. ಗೋದಾಮಿನಲ್ಲಿ ಉಳಿದ ಗಂಧದ ಕೊರಡಿನಿಂದ ಇಲ್ಲಿಯೇ ಎಣ್ಣೆ ತೆಗೆಯಲು 1916ರಲ್ಲಿ ಕಾರ್ಖಾನೆ ಶುರುವಾದದ್ದು ಪ್ರತ್ಯುತ್ಪನ್ನಮತಿಯ ಕೆಲಸ, ಬಿದ್ದ ಬಲೆಯಿಂದ ಬಿಡಿಸಿಕೊಳ್ಳುವ ಉಪಾಯ. ಆದರೆ ಎಣ್ಣೆಗೇ ನಿಲ್ಲದೆ, ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ತರಬೇತಿಗೆ ಕಳುಹಿಸಿ, ಆ ಎಣ್ಣೆಯಿಂದ ಸಾಬೂನು ಮಾಡುವವರೆಗೆ ಯೋಚನೆ ಹೋಯಿತಲ್ಲ, ಅಲ್ಲಿ ದೂರದೃಷ್ಟಿ ಇದೆ. ಕೊರಡು ಮಾರುವ ಸಂಸ್ಥಾನ ಸಾಬೂನು ಮಾರುವ ಸಂಸ್ಥಾನವಾಯಿತು.

ಸ್ವಂತ ಜೇಬನ್ನು ಪಣಕ್ಕಿಡುವುದು ಈ ಪದದ ಇನ್ನೊಂದು ಲಕ್ಷಣ. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿಯವರು ಆರು ಮಂದಿ ಸಹೋದ್ಯೋಗಿಗಳೊಂದಿಗೆ 1981ರಲ್ಲಿ ಇನ್ಫೋಸಿಸ್ ಆರಂಭಿಸಿದ್ದು, 1990ರಲ್ಲಿ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿಬಿಡುವ ಮಾತು ಬಂದಾಗ ಬೇಕಾದರೆ ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದದ್ದು, ಕೊನೆಗೆ ಎಲ್ಲರೂ ಉಳಿದದ್ದು ಅವರೇ ಹೇಳಿಕೊಂಡಿರುವ ಸಂಗತಿ. ಹಾಗೆ ಹೇಳಿದಾಗ ಕೊಳ್ಳುವಷ್ಟು ಹಣ ಅವರ ಕೈಯಲ್ಲಿ ಇರಲಿಲ್ಲವಂತೆ.

ಭವಿಷ್ಯದ ಬಗ್ಗೆ ಇವರೆಲ್ಲರಿಗಿಂತ ಸೊಗಸಾಗಿ ಮಾತಾಡುವವರು ಒಬ್ಬರಿದ್ದಾರೆ: ನಮ್ಮೂರ ಕಡೆ ‘ಬ್ಲೇಡ್ ಕಂಪನಿ’ ಎನ್ನುತ್ತಾರಲ್ಲ, ಠೇವಣಿ ದುಪ್ಪಟ್ಟು ಮಾಡಿಕೊಡುವ ಆ ಕಂಪನಿಗಳ ಯಜಮಾನರು. ಅವರ ಸಮಾವೇಶದ ಕರಪತ್ರವನ್ನೂ ನಾನು ತಿದ್ದಿದ್ದೇನೆ. ಅದರಲ್ಲಿ ‘ಕನಸು’ ಎಂಬ ಪದ ಏಳು ಸಲ ಇತ್ತು, ಬಡ್ಡಿ ಎಲ್ಲಿಂದ ಬರುತ್ತದೆ ಎಂಬುದು ಒಂದು ಸಲವೂ ಇರಲಿಲ್ಲ. ಪಣಕ್ಕಿಟ್ಟಿರುವುದು ಯಾರ ದುಡ್ಡು, ಲೆಕ್ಕವನ್ನು ಬೇರೆಯವರು ತೆಗೆದು ನೋಡಬಹುದೇ ಎಂಬ ಎರಡು ಪ್ರಶ್ನೆ ಕೇಳಿದರೆ ಯಾರು ಯಾರೆಂದು ಗೊತ್ತಾಗುತ್ತದೆ.

ಕೊನೆಗೆ ‘ದೂರದೃಷ್ಟಿ’ ಎಂಬ ಪದದಲ್ಲೇ ಅಡಗಿರುವ ಒಂದು ತಮಾಷೆಯನ್ನು ಹೇಳಬೇಕು. ಶಾಲೆಯ ವಿಜ್ಞಾನದ ಪಾಠದಲ್ಲಿ ದೂರದೃಷ್ಟಿ ಎನ್ನುವುದು ಕಣ್ಣಿನ ದೋಷ; ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಉದ್ಯಮಿಗಳಿಗೂ ಈ ದೋಷ ತಗಲುವುದುಂಟು: ಹತ್ತು ವರ್ಷದ ನಕ್ಷೆ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತಿರುತ್ತದೆ, ಈ ತಿಂಗಳ ಸಂಬಳ ಹತ್ತನೇ ತಾರೀಕಾದರೂ ಆಗಿರುವುದಿಲ್ಲ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೆ, ತಾವೇ ಕಂಡ ಕನಸಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಲುಕಿದಾಗ, 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಹೋಗಿ ಆರು ವರ್ಷ ಅದರ ಖರ್ಚುವೆಚ್ಚವನ್ನು ನೇರ್ಪುಗೊಳಿಸಲು ಕುಳಿತರು. ಹತ್ತಿರದ ಕಣ್ಣೂ ಸರಿಯಾಗಿದ್ದವರು ಮಾಡುವ ಕೆಲಸವದು.

ಆ ಆಹ್ವಾನ ಪತ್ರಿಕೆಯ ಕರಡಿನಲ್ಲಿ ‘ದಾರ್ಶನಿಕ ಉದ್ಯಮಿ’ಯನ್ನು ಹೊಡೆದುಹಾಕಿ ‘ದೂರದೃಷ್ಟಿಯ ಉದ್ಯಮಿ’ ಎಂದು ಬರೆದೆ. ಸನ್ಮಾನಿತರೇ ಫೋನು ಮಾಡಿ, “ಸಾರ್, ದೊಡ್ಡ ಪದ ಯಾವುದೂ ಬೇಡ, ಬರೀ ಉದ್ಯಮಿ ಅಂತ ಹಾಕಿ, ಜನ ನಗುತ್ತಾರೆ” ಎಂದರು. ಹಾಗೆಯೇ ಅಚ್ಚಾಯಿತು.