ಮಗಿನೋ ಕೆಳಗಿಳಿದ, ಮಹಾರ್ಲಿಕಾ ಮೇಲೇರಿದ

ಫಿಲಿಪ್ಪೀನ್ಸ್‌ನಲ್ಲಿ ‘ಮಹಾರ್ಲಿಕಾ’ ಅಂದರೆ ರಾಜಮನೆತನದವರು ಅಂತ ನಂಬಿದವರು ಬಹಳ ಮಂದಿ. ಆದರೆ ಅಲ್ಲಿನ ಟಗಾಲೊಗ್ ಜನಾಂಗದ ಹಳೇ ಊರುಗಳಲ್ಲಿ ಎಲ್ಲರಿಗಿಂತ ಮೇಲೆ ಇದ್ದವರು ಅವರಲ್ಲ, ‘ಮಗಿನೋ’ಗಳು.

ಊರಾಳುವ ದಾತು ಮತ್ತು ಅವನ ಬಂಧುಬಳಗವೇ ಮಗಿನೋ. ದೊಡ್ಡ ಸಾಮ್ರಾಜ್ಯ ಏನೂ ಅಲ್ಲ ಬಿಡಿ. ಒಬ್ಬ ದಾತುವಿನ ಕೈಕೆಳಗೆ ನೂರು ಮನೆ, ಕೆಲವು ಕಡೆ ಮೂವತ್ತೂ ಇರಲಿಲ್ಲ ಅಂತ 1589ರಲ್ಲಿ ಹುವಾನ್ ದೆ ಪ್ಲಾಸೆನ್ಸಿಯಾ ಎಂಬ ಸ್ಪ್ಯಾನಿಷ್ ಪಾದ್ರಿ ಬರೆದಿದ್ದಾನೆ. ಮಹಾರ್ಲಿಕಾಗಳು ದಾತುವಿಗೆ ಕಪ್ಪ ಕೊಡಬೇಕಿರಲಿಲ್ಲ, ಆದರೆ ಅವನು ಯುದ್ಧಕ್ಕೆ ಹೊರಟರೆ ಸ್ವಂತ ಖರ್ಚಿನಲ್ಲಿ ಹಿಂದೆ ಹೋಗಬೇಕಿತ್ತು. ಅಂದರೆ ಸ್ವತಂತ್ರರು ನಿಜ, ಆಳುವವರಲ್ಲ. ಪಾದ್ರಿ ಇವರನ್ನೇ ಕುಲೀನರು ಅಂತ ಕರೆದುಬಿಟ್ಟ. ಗೊಂದಲದ ಬೀಜ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಹೆಸರೂ ಭಾರಿಯೇ, ಸಂಸ್ಕೃತದ ‘ಮಹರ್ದ್ಧಿಕ’ದಿಂದ ಬಂದದ್ದು. ಮಲಯದಲ್ಲಿ ಅದೇ ಮೂಲ ‘ಮೆರ್ದೆಕಾ’ ಆಗಿ, ಸ್ವಾತಂತ್ರ್ಯ ಅನ್ನುವ ಅರ್ಥ ಪಡೆಯಿತು.

ಇವರೆಲ್ಲರ ಕೆಳಗಿದ್ದವರು ‘ಅಲಿಪಿನ್’, ಅಂದರೆ ಜೀತದವರು. ಸಾಲ ತೀರಿಸಲಾಗದೆ ಹಾಗಾದವರೂ ಅವರಲ್ಲಿದ್ದರು. ಫಿಲಿಪ್ಪೀನ್ಸ್‌ನ ಲಗೂನಾ ಪ್ರಾಂತ್ಯದಲ್ಲಿ ಸಿಕ್ಕ ತಾಮ್ರಪತ್ರ ಇರುವುದೇ ಒಬ್ಬನ ಸಾಲಮನ್ನಾ ಬಗ್ಗೆ. ಅದರ ಕಾಲ ಶಕ 822, ಅಂದರೆ ಕ್ರಿ.ಶ. 900. ನಮ್ಮ ಪಂಚಾಂಗದ ಶಕವೇ ಅದು!

ಸ್ಪೇನ್ ಬಂದ ಮೇಲೆ ದಾತುಗಳು ತೆರಿಗೆ ಎತ್ತುವ ಊರ ಮುಖ್ಯಸ್ಥರಾದರು, ಹೆಸರಿನ ಮುಂದೆ ‘ದೋನ್’ ಎಂಬ ಸ್ಪ್ಯಾನಿಷ್ ಗೌರವಪದ ಸೇರಿಕೊಂಡಿತು. ಮಗಿನೋ ಎಂಬ ಪದ ಮೆಲ್ಲಗೆ ಎಲ್ಲರ ಸ್ವತ್ತಾಯಿತು. ಇವತ್ತು ‘ಗಿನೋ’ ಅಂದರೆ ನಮ್ಮ ‘ಶ್ರೀ’ ಇದ್ದಹಾಗೆ, ಯಾವ ಗಂಡಸಿನ ಹೆಸರಿಗಾದರೂ ಹಚ್ಚಬಹುದು. ಮಗಿನೋ ಅಂದರೆ ಸಭ್ಯಸ್ಥ, ಹೆಂಗಸರ ಹತ್ತಿರ ಮರ್ಯಾದೆಯಿಂದ ನಡೆದುಕೊಳ್ಳುವವನು. ಅದಕ್ಕೆ ಕುಲ ಬೇಕಿಲ್ಲ, ನಡತೆ ಇದ್ದರೆ ಸಾಕು.

ಮಹಾರ್ಲಿಕಾವನ್ನು ಮೇಲಕ್ಕೆತ್ತಿದ್ದು ಮಾತ್ರ ರಾಜಕೀಯ. ಎರಡನೇ ಮಹಾಯುದ್ಧದಲ್ಲಿ ‘ಆಂಗ್ ಮಂಗಾ ಮಹಾರ್ಲಿಕಾ’ ಎಂಬ ಗೆರಿಲ್ಲಾ ಪಡೆ ನಡೆಸಿದ್ದೆ ಅಂತ, ಮುಂದೆ ದೇಶದ ಅಧ್ಯಕ್ಷರಾದ ಫರ್ಡಿನಾಂಡ್ ಮಾರ್ಕೋಸ್ ಹೇಳಿಕೊಂಡಿದ್ದರು. ಅವರ ಆಡಳಿತದಲ್ಲಿ ಹೆದ್ದಾರಿಗೂ ಆ ಹೆಸರು, ಸರ್ಕಾರಿ ಟಿವಿಗೂ ಆ ಹೆಸರು. 1978ರಲ್ಲಿ ದೇಶಕ್ಕೇ ಅದನ್ನಿಡುವ ಮಸೂದೆಯೂ ಬಂತು, ಪಾಸಾಗಲಿಲ್ಲ. ಆ ಪಡೆಯ ಕತೆಯೇ ಸುಳ್ಳು ಅಂತ ಅಮೆರಿಕದ ಸೇನೆ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬರೆದಿಟ್ಟಿತ್ತು, ಆ ಕಡತ ಜನರ ಕಣ್ಣಿಗೆ ಬಿದ್ದದ್ದು ಮಾತ್ರ 1986ರಲ್ಲಿ. ಆದರೂ ಹೆಸರಿನ ಬೆಲೆ ಇಳಿಯಲಿಲ್ಲ ನೋಡಿ. 2019ರಲ್ಲಿ ಆಗಿನ ಅಧ್ಯಕ್ಷ ದುತೆರ್ತೆ ದೇಶಕ್ಕೆ ಅದೇ ಹೆಸರಿಡುವ ಮಾತು ಮತ್ತೆ ಎತ್ತಿದರು. 2023ರಲ್ಲಿ ಮಾರ್ಕೋಸ್ ಅವರ ಮಗ, ಈಗ ಅವರೂ ಅಧ್ಯಕ್ಷರು, ಸಹಿ ಹಾಕಿದ ಸರ್ಕಾರಿ ಹೂಡಿಕೆ ನಿಧಿಯ ಹೆಸರೂ ಮಹಾರ್ಲಿಕಾವೇ.